ಎಸ್ಟೇಟ್ ಬಂಗಲೆಯಿಂದ ಚರ್ಚಿಗೆ: ಹಳೆ ಕಾಲು ಆರ್ಗನ್ ಸಾಗಿಸಿ ಮತ್ತೆ ಹಾಡಿಸುವುದು ಹೇಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಹಳೆ ಕಾಫಿ ಬಂಗಲೆಗಳಿಗೆ ಹೋದವರು ಇದನ್ನು ನೋಡಿರುತ್ತೀರಿ. ಹಾಲಿನ ಮೂಲೆಯಲ್ಲಿ ಕಪಾಟಿನಂಥ ಒಂದು ಮರದ ವಸ್ತು. ಅದರ ಮೇಲೆ ಹಳೆ ಪೇಪರು, ಔಷಧಿ ಡಬ್ಬ, ಯಾರದ್ದೋ ಮದುವೆ ಫೋಟೊ. ಮುಚ್ಚಳ ಎತ್ತಿದರೆ ಹಳದಿಗೆ ತಿರುಗಿದ ಮನೆಗಳು (ಬೆರಳಲ್ಲಿ ಒತ್ತುವ ಕೀಗಳು), ಅವುಗಳ ಮೇಲೆ ಒಂದು ಸಾಲು ದುಂಡನೆಯ ಗುಬಟುಗಳು. ಕೆಳಗೆ ಎರಡು ಪೆಡಲ್. ತುಳಿದರೆ ಬುಸ್ ಅಂತ ಗಾಳಿ ಹೋಗುತ್ತದೆ, ಸ್ವರ ಬರುವುದಿಲ್ಲ. "ಅದು ಹಾಳಾಗಿ ಎಷ್ಟೋ ವರ್ಷ ಆಯ್ತು ಬಿಡಿ" ಅಂತಾರೆ ಮನೆಯವರು.

ಹಾಳಾಗಿರುವುದು ಹೆಚ್ಚಾಗಿ ತಿದಿಯ, ಅಂದರೆ ಒಳಗಿನ ಗಾಳಿ ಚೀಲದ ಬಟ್ಟೆ ಮತ್ತು ಒಂದಿಷ್ಟು ಚರ್ಮ. ಸ್ವರ ಕೊಡುವ ಹಿತ್ತಾಳೆ ರೀಡುಗಳಿಗೆ ನೂರು ವರ್ಷ ದೊಡ್ಡ ವಿಷಯವೇ ಅಲ್ಲ. ನಮ್ಮ ಚರ್ಚಿಗೆ ಹೀಗೇ ಒಂದು ಆರ್ಗನ್ ಬಂತು. ನಾನು ಮತ್ತು ನಮ್ಮೂರಿನ ಬಡಗಿ ಆಚಾರ್ರು ಸೇರಿ ಅದನ್ನು ಬಿಚ್ಚಿ, ಕಟ್ಟಿ, ನುಡಿಯುವ ಹಾಗೆ ಮಾಡಿದೆವು. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಇಂಥವು ಇನ್ನೂ ಮೂಲೆ ಸೇರಿ ಕೂತಿವೆ. ಸೌದೆ ಆಗುವ ಮೊದಲು ಯಾರಾದರೂ ಕೈ ಹಾಕಲಿ ಅನ್ನುವುದು ನನ್ನ ಆಸೆ.

ಇದು ಕೆಲಸ ಮಾಡುವ ಬಗೆ

ಇದನ್ನು ತಿಳಿಯದೆ ಸ್ಕ್ರೂಡ್ರೈವರ್ ಹಿಡಿಯಬೇಡಿ. ನಾವು ಭಜನೆಗೆ ಬಳಸುವ ಕೈ ಹಾರ್ಮೋನಿಯಂ ಗಾಳಿಯನ್ನು ರೀಡಿನ ಮೂಲಕ ಹೊರಗೆ ತಳ್ಳುತ್ತದೆ. ಕಂಪನಿ ನಾಟಕದವರ ಕಾಲು ಹಾರ್ಮೋನಿಯಂ ಕೂಡ ಸಾಮಾನ್ಯವಾಗಿ ಹಾಗೇ. ಬಂಗಲೆಗಳಲ್ಲಿ ಸಿಗುವ ಅಮೆರಿಕದ ಆರ್ಗನ್ ಇದಕ್ಕೆ ಉಲ್ಟಾ. ಅದು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಪೆಡಲ್ ತುಳಿದಾಗ ಒಳಗಿನ ಎರಡು ಚಿಕ್ಕ ತಿದಿಗಳು ಬಾಯಿ ತೆರೆಯುತ್ತವೆ. ಅವು ಪಕ್ಕದ ದೊಡ್ಡ ತಿದಿಯಿಂದ ಗಾಳಿ ಹೀರುತ್ತವೆ. ದೊಡ್ಡ ತಿದಿಯೊಳಗೆ ಗಟ್ಟಿ ಸ್ಪ್ರಿಂಗುಗಳಿವೆ. ಅವು ತಿದಿಯನ್ನು ಸದಾ ತೆರೆದಿಡಲು ನೋಡುತ್ತವೆ, ಗಾಳಿ ಹೋದ ಹಾಗೆ ತಿದಿ ಮುಚ್ಚಿಕೊಳ್ಳುತ್ತದೆ. ಈ ಎಳೆದಾಟದಿಂದ ಒಳಗೆ ಒಂದೇ ಸಮನಾದ ಸೆಳೆತ ಹುಟ್ಟುತ್ತದೆ. ನೀವು ಒಂದು ಮನೆ ಒತ್ತಿದರೆ ಅದರ ಕೆಳಗಿನ ಮರದ ಕಡ್ಡಿ ಒಂದು ಗಾಳಿ ಮುಚ್ಚಳವನ್ನು ಕೆಳಗೆ ತಳ್ಳುತ್ತದೆ. ಹೊರಗಿನ ಗಾಳಿ ರೀಡಿನ ಸಂದಿಯಲ್ಲಿ ನುಗ್ಗುತ್ತದೆ, ಹಿತ್ತಾಳೆ ನಾಲಗೆ ಅದುರುತ್ತದೆ. ಅಷ್ಟೇ. ಎಲ್ಲಿ ಒಂದು ಸೂಜಿ ತೂತಿದ್ದರೂ ಸೆಳೆತ ಸೋರುತ್ತದೆ.

ಮನೆಗಳು ಸಾಮಾನ್ಯವಾಗಿ 61, ಅಂದರೆ ಐದು ಸಪ್ತಕ. ಒಂದು ಸಾಲಿಗೆ 61 ರೀಡು. ಎರಡು ಪೂರ್ತಿ ಸಾಲಿದ್ದರೆ 122. ಯಾವ ಸಾಲು ನುಡಿಯಬೇಕು ಅಂತ ಆರಿಸುವ ಗುಬಟುಗಳ ಮೇಲೆ 8, 4, 16 ಅಂತ ಅಂಕಿ ಇರುತ್ತದೆ. ದೊಡ್ಡ ಚರ್ಚುಗಳ ಪೈಪ್ ಆರ್ಗನ್ನಿನಲ್ಲಿ ತೀರ ಕೆಳಗಿನ 'ಸಿ' ಸ್ವರಕ್ಕೆ ಸುಮಾರು 8 ಅಡಿ ಉದ್ದದ ಕೊಳವೆ ಬೇಕು. ಆ ಲೆಕ್ಕವೇ ಇಲ್ಲಿಗೂ ಬಂದಿದೆ. 4 ಅಂದರೆ ಒಂದು ಸಪ್ತಕ ಮೇಲೆ, 16 ಅಂದರೆ ಒಂದು ಸಪ್ತಕ ಕೆಳಗೆ. ಎಂಟು ಅಡಿ ಕೊಳವೆಯ ಕೆಲಸವನ್ನು ಕೆಲವೇ ಅಂಗುಲದ ರೀಡು ಮಾಡುತ್ತದೆ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಮಲೆನಾಡಿಗೆ ಪಿಯಾನೊಗಿಂತ ಇದೇ ಜಾಸ್ತಿ ಹೊಂದುತ್ತಿತ್ತು. ಪಿಯಾನೊ ತಂತಿಗಳು ಒಂದು ದೊಡ್ಡ ಮರದ ಹಲಗೆಯನ್ನು ಒತ್ತಿಕೊಂಡಿರುತ್ತವೆ. ಮರ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗಿದರೆ ಶ್ರುತಿ ಹೋಯಿತು. ಹಿತ್ತಾಳೆ ರೀಡಿಗೆ ಆ ತೊಂದರೆ ಇಲ್ಲ.

ಒಪ್ಪಿಕೊಳ್ಳುವ ಮೊದಲು ನೋಡಬೇಕಾದ್ದು

ಯಾರಾದರೂ "ತಗೊಂಡು ಹೋಗಿ" ಅಂದ ತಕ್ಷಣ ಹೂಂ ಅನ್ನಬೇಡಿ. ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಒಂದು ಮಾಸ್ಕ್ ತೆಗೆದುಕೊಂಡು ಹೋಗಿ. ಹಿಂದಿನ ಹಲಗೆ ಬಿಚ್ಚಿ. ಸಾಮಾನ್ಯವಾಗಿ ನಾಲ್ಕೈದು ಸ್ಕ್ರೂ ಇಲ್ಲವೇ ತಿರುಗಿಸುವ ಮರದ ಚಿಲಕ ಇರುತ್ತದೆ.

ಮೊದಲು ಗೆದ್ದಲು ನೋಡಿ. ತಳದ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿ. ಮೆತ್ತಗೆ ಒಳಗೆ ಹೋದರೆ ಅಲ್ಲೇ ನಿಲ್ಲಿಸಿ. ತಳ ಮಾತ್ರ ಹೋಗಿದ್ದರೆ ತೇಗದ ಹಲಗೆ ಹಾಕಬಹುದು. ಮೇಲೆ ರೀಡು ಕೂರುವ ದಪ್ಪ ಹಲಗೆಗೂ ಹತ್ತಿದ್ದರೆ ಆಸೆ ಬಿಡಿ.

ಆಮೇಲೆ ರೀಡು ಎಣಿಸಿ. ಗುಬಟು ಎಳೆದರೆ ರೀಡಿನ ಮುಂದಿನ ತೆಳು ಬಾಗಿಲು ತೆರೆದುಕೊಳ್ಳುತ್ತದೆ. ಟಾರ್ಚ್ ಬಿಟ್ಟರೆ ಸಾಲು ಕಾಣುತ್ತದೆ. ಒಂದೆರಡು ಇಲ್ಲದಿದ್ದರೆ ನಡೆಯುತ್ತದೆ. ಮಕ್ಕಳು ಕಿತ್ತು ಆಡಿ ಹತ್ತಿಪ್ಪತ್ತು ಕಳೆದಿದ್ದರೆ ಅದೇ ಅಳತೆಯದು ಹುಡುಕುವುದು ತುಂಬಾ ಕಷ್ಟ. ಬಟ್ಟೆ ಹರಿದಿದೆಯಾ, ಚರ್ಮ ಒಣಗಿದೆಯಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವು ಹೇಗೂ ಹೊಸದು ಹಾಕಬೇಕು.

ತಯಾರಕರ ಹೆಸರು ಮನೆಗಳ ಮೇಲಿನ ಹಲಗೆಯಲ್ಲಿರುತ್ತದೆ. ವರ್ಮಾಂಟಿನ ಬ್ರಾಟಲ್‌ಬರೋ ಊರಿನ ಎಸ್ಟೆ, ಬಾಸ್ಟನ್ನಿನ ಮೇಸನ್ ಅಂಡ್ ಹ್ಯಾಮ್ಲಿನ್, ಕೆನಡಾದ ಬೆಲ್ ಇವೆಲ್ಲ ದೊಡ್ಡ ಹೆಸರುಗಳು. ಎಸ್ಟೆ ಒಂದೇ ಕಂಪನಿ ಐದು ಲಕ್ಷಕ್ಕೂ ಜಾಸ್ತಿ ಆರ್ಗನ್ ಮಾಡಿದೆ. ಒಳಗೆ ಎಲ್ಲಾದರೂ ನಂಬರ್ ಒತ್ತಿರುತ್ತದೆ, ಬರೆದುಕೊಳ್ಳಿ. ಎಷ್ಟು ಹಳೆಯದು ಅಂತ ಅಂದಾಜು ಮಾಡಲು ಅದೇ ಆಧಾರ.

ಅಪ್ಪಿತಪ್ಪಿ ನಿಮಗೆ ಸಿಕ್ಕಿದ್ದು ನಿಜವಾದ ಪೈಪ್ ಆರ್ಗನ್ ಆದರೆ ಈ ಲೇಖನ ನಂಬಿ ಬಿಚ್ಚಬೇಡಿ. ಅದರ ಲೋಹದ ಕೊಳವೆಗಳು ಹೆಚ್ಚಾಗಿ ಸೀಸ ಮತ್ತು ತವರದ ಮಿಶ್ರಣ. ಹೆಬ್ಬೆರಳು ಒತ್ತಿದರೂ ಸೊಟ್ಟಗಾಗುತ್ತವೆ. ಒಂದರ ಮೇಲೊಂದು ಪೇರಿಸುವ ಹಾಗಿಲ್ಲ. ಅದಕ್ಕೆ ಆ ಕೆಲಸ ಗೊತ್ತಿದ್ದವರೇ ಬೇಕು.

ಕಾಗದ ಮತ್ತು ಕಾಲ

ಕೊಡುವವರಿಂದ ಒಂದು ಪತ್ರ ಬರೆಸಿಕೊಳ್ಳಿ. "ಇಂಥ ಚರ್ಚಿಗೆ ದಾನವಾಗಿ ಕೊಟ್ಟಿದ್ದೇವೆ" ಅಂತ ನಾಲ್ಕು ಸಾಲು ಸಾಕು. ಅಣ್ಣ ಕೊಟ್ಟದ್ದನ್ನು ಬೆಂಗಳೂರಿನಲ್ಲಿರುವ ತಂಗಿ ವಾಪಸ್ ಕೇಳಿದರೆ ಕಷ್ಟ. ಚರ್ಚಿನ ಕಮಿಟಿಯಲ್ಲೂ ನಿರ್ಣಯ ಬರೆಸಿ. ಎಲ್ಲಿ ಇಡುವುದು, ಖರ್ಚು ಯಾವ ಲೆಕ್ಕದಿಂದ, ಕೀಲಿ ಯಾರ ಹತ್ತಿರ, ಇಷ್ಟು ತೀರ್ಮಾನ ಆಗಿರಲಿ. ಸಭಾಪಾಲಕರು ಅಥವಾ ಫಾದರ್ ವರ್ಗವಾಗಿ ಹೋದರೂ ಆರ್ಗನ್ ಅಲ್ಲೇ ಇರಬೇಕಲ್ವಾ?

ಸಾಗಿಸಲು ಒಳ್ಳೆಯ ಕಾಲ ಫೆಬ್ರವರಿ, ಮಾರ್ಚ್. ಕಾಫಿ ಕೊಯ್ಲು ಮುಗಿದಿರುತ್ತದೆ. ಎಸ್ಟೇಟಿನ ಪಿಕಪ್ಪೂ ಖಾಲಿ, ಕೈಯಾಳುಗಳೂ ಸಿಗುತ್ತಾರೆ. ಕಾಫಿ ಅರಳಿಸುವ ಹೂವಿನ ಮಳೆ ಬೀಳುವ ಮೊದಲು ಮುಗಿಸಿಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾತೇ ಬೇಡ. ಆಗ ಮರ ನೀರು ಕುಡಿದು ಉಬ್ಬಿರುತ್ತದೆ, ಅಂಟು ಮೆತ್ತಗಾಗಿರುತ್ತದೆ. ಎತ್ತಿದರೆ ಕೀಲು ಬಿಡಬಹುದು.

ಎತ್ತುವುದು, ಸಾಗಿಸುವುದು

ನಡು ಗಾತ್ರದ ಆರ್ಗನ್ ನೂರು ಕೆಜಿ ದಾಟುತ್ತದೆ. ನಾಲ್ಕು ಜನ ಬೇಕು. ಮೇಲೆ ಕನ್ನಡಿ, ದೀಪದ ಕಟ್ಟೆ ಇರುವ ಅಲಂಕಾರದ ಭಾಗ ಇದ್ದರೆ ಅದು ಬೇರೆ ತುಂಡು. ಹಿಂದಿನಿಂದ ಸ್ಕ್ರೂ ಬಿಚ್ಚಿದರೆ ಬರುತ್ತದೆ. ಮೊದಲು ಅದನ್ನು ಇಳಿಸಿ ಕಂಬಳಿಯಲ್ಲಿ ಸುತ್ತಿ. ಗೋಣಿಚೀಲ ನೇರವಾಗಿ ಮರಕ್ಕೆ ತಾಗಿಸಬೇಡಿ, ಪಾಲಿಶ್ ಗೀರಿ ಹೋಗುತ್ತದೆ.

ರೀಡುಗಳನ್ನು ಬಂಗಲೆಯಲ್ಲೇ ತೆಗೆಯುವ ಆತುರ ಬೇಡ. ಅವು ತಮ್ಮ ಗೂಡಿನಲ್ಲೇ ಭದ್ರ. ಗುಬಟುಗಳನ್ನೆಲ್ಲ ಒಳಗೆ ತಳ್ಳಿ. ಮನೆಗಳ ಮೇಲೆ ಮಡಿಸಿದ ಟವೆಲ್ ಹಾಸಿ ಮುಚ್ಚಳ ಹಾಕಿ. ಪೆಡಲ್ ಎರಡನ್ನೂ ಹಗ್ಗದಿಂದ ಕಟ್ಟಿ. ಎತ್ತುವಾಗ ಪಕ್ಕದ ಹಿಡಿ ಅಥವಾ ತಳದ ಹಲಗೆ ಹಿಡಿಯಬೇಕು. ಮನೆಗಳ ಮುಂದಿನ ತೋಳು, ಮೇಲಿನ ಕೆತ್ತನೆ ಹಿಡಿದು ಎತ್ತಿದರೆ ಅದು ಕೈಗೇ ಬರುತ್ತದೆ.

ಪಿಕಪ್ಪಿನಲ್ಲಿ ನಿಂತ ಹಾಗೇ ಇಡಿ, ಡ್ರೈವರ್ ಕ್ಯಾಬಿನ್ನಿಗೆ ಬೆನ್ನು ಕೊಟ್ಟು. ಕೆಳಗೆ ಹಳೆ ಹಾಸಿಗೆ. ಎರಡು ಕಡೆ ಹಗ್ಗ. ಮೇಲೆ ಟಾರ್ಪಾಲು, ಬಿಸಿಲಿದ್ದರೂ ಸರಿ. ಎಸ್ಟೇಟ್ ರಸ್ತೆಯ ಕೆಂಪು ಧೂಳು ರೀಡಿಗೆ ಶತ್ರು. ಇಬ್ಬರು ಹಿಂದೆ ಆರ್ಗನ್ ಹಿಡಿದು ನಿಂತಿರಲಿ. ಹಂಪ್ ಬಂದಾಗ ಅವರೇ ಕೂಗಿ ಹೇಳುತ್ತಾರೆ.

ಚರ್ಚಿಗೆ ತಂದ ಮೇಲೆ ಎರಡು ವಾರ ಸುಮ್ನೆ ಬಿಡಿ. ಮರ ಹೊಸ ಜಾಗದ ಹವೆಗೆ ಹೊಂದಿಕೊಳ್ಳಲಿ. ಎಲ್ಲರೂ "ಯಾವಾಗ ನುಡಿಸ್ತೀರಿ" ಅಂತ ಕೇಳುತ್ತಾರೆ. ಕಾಯಿರಿ.

ಬಿಚ್ಚುವುದು

ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಜಾಗದ ಹೆಸರು ಬರೆದ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ. ಮರದ ತುಂಡುಗಳ ಮೇಲೆ ಪೆನ್ಸಿಲ್ಲಿನಲ್ಲಿ ನಂಬರ್ ಬರೆಯಿರಿ. ನಾನು ಮೊದಲು ಅಂಟು ಪಟ್ಟಿ ಹಚ್ಚಿ ಬರೆದಿದ್ದೆ. ಒಂದು ರಾತ್ರಿಯ ಥಂಡಿಗೆ ಅರ್ಧ ಉದುರಿ ಬಿದ್ದಿದ್ದವು. ಮನೆಗಳ ಕೆಳಗಿನ ಮರದ ಕಡ್ಡಿಗಳು ನೋಡಲು ಎಲ್ಲ ಒಂದೇ ಥರ, ಉದ್ದದಲ್ಲಿ ಕೂದಲೆಳೆ ವ್ಯತ್ಯಾಸ. ಅವನ್ನು ಮತ್ತೆ ಸರಿಯಾದ ತೂತಿಗೆ ಹಾಕಲು ನಮಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಒಂದು ರಟ್ಟಿಗೆ 61 ತೂತು ಕೊರೆದು, ತೆಗೆದ ಹಾಗೇ ಒಂದೊಂದನ್ನು ಅದರಲ್ಲಿ ಸಿಕ್ಕಿಸಿಡಿ.

ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಒಳಗೆ ಇಲಿ ಹಿಕ್ಕೆ ಇದ್ದೇ ಇರುತ್ತದೆ. ಇಲಿ ಮೂತ್ರ ಮುಟ್ಟಿದ ಕೈಯಲ್ಲಿ ಗಾಯ ಇದ್ದರೆ ಇಲಿ ಜ್ವರದ ಅಪಾಯ ಇದೆ. ಒಣಗಿದ ಹಿಕ್ಕೆಯನ್ನು ಪೊರಕೆಯಲ್ಲಿ ಎಬ್ಬಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ.

ಇನ್ನೊಂದು ಎಚ್ಚರ. ಹಳೆ ಆರ್ಗನ್ನಿನ ಬಿಳಿ ಮನೆಗಳಿಗೆ ಹೆಚ್ಚಾಗಿ ಸೆಲ್ಯುಲಾಯ್ಡ್ ಹಾಳೆ ಅಂಟಿಸಿರುತ್ತಾರೆ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಮೇಣದಬತ್ತಿ, ಬೀಡಿ ಹತ್ತಿರ ಬರಬಾರದು. ಥಿನ್ನರ್ ತಾಗಿದರೆ ಕರಗುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ತಿದಿ: ನಿಜವಾದ ಕೆಲಸ ಇಲ್ಲಿದೆ

ನಮ್ಮ ಆರ್ಗನ್ನಿನ ತಿದಿ ಹೊರಗೆ ತೆಗೆದಾಗ ಅದರ ಮೇಲೆ ಒಂಬತ್ತು ಸೈಕಲ್ ಪಂಕ್ಚರ್ ತೇಪೆ ಇದ್ದವು. ಯಾರೋ ಹಿಂದೊಮ್ಮೆ ಪ್ರೀತಿಯಿಂದಲೇ ಹಾಕಿದ್ದು. ರಬ್ಬರು ಗಟ್ಟಿಯಾಗಿ, ಸುತ್ತಲಿನ ಬಟ್ಟೆಯನ್ನೂ ಹರಿದುಕೊಂಡು ಎದ್ದು ನಿಂತಿತ್ತು. ಆ ತೇಪೆಗಳ ಪಕ್ಕ ಮರದ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ತಾರೀಖು, ಅದರ ಕೆಳಗೆ 'ಎಡ ಪಟ್ಟಿ ಹೊಸದು' ಅಂತ ಕನ್ನಡದಲ್ಲಿ ಬರೆದಿತ್ತು. ಅಕ್ಷರ ಮುದ್ದಾಗಿತ್ತು. ಬಹುಶಃ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಇರಬೇಕು. ತೇಪೆ ಕಿತ್ತೆವು, ಬರಹ ಉಳಿಸಿದೆವು.

ತೇಪೆ ಹಾಕಿ ಕಾಲ ತಳ್ಳಬಹುದಾ ಅಂತ ನಿಮಗೂ ಅನಿಸುತ್ತದೆ. ಬೇಡ. ನೂರು ವರ್ಷದ ಬಟ್ಟೆ ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಬಿರಿಯುತ್ತದೆ. ಪೂರ್ತಿ ಹೊಸದು ಹಾಕಿ.

ಬಟ್ಟೆ ಕತ್ತರಿಸುವ ಮೊದಲು ಇದನ್ನು ಎರಡು ಸಲ ಓದಿ. ದೊಡ್ಡ ತಿದಿಯ ಒಳಗಿನ ಸ್ಪ್ರಿಂಗುಗಳು ಭಾರಿ ಬಲದವು. ಬಟ್ಟೆಯೊಂದೇ ಅವನ್ನು ಹಿಡಿದಿಟ್ಟಿರುತ್ತದೆ. ಎರಡು ಹಲಗೆಯನ್ನು ಒತ್ತಿ ಹಿಡಿದು, ಸುತ್ತ ಹಗ್ಗ ಬಿಗಿದು ಕಟ್ಟಿ. ಆಮೇಲೆ ಬಟ್ಟೆ ಕತ್ತರಿಸಿ. ಆಮೇಲೆ ಇಬ್ಬರು ಹಿಡಿದುಕೊಂಡು ಹಗ್ಗವನ್ನು ನಿಧಾನ ಸಡಿಲ ಮಾಡಿ. ಮುಖ ಹತ್ತಿರ ಇಡಬೇಡಿ.

ಹಳೆ ಬಟ್ಟೆ ಎಸೆಯಬೇಡಿ. ಅದೇ ನಿಮ್ಮ ಅಳತೆ. ನೆಲದ ಮೇಲೆ ಹಾಸಿ, ಪೇಪರಿನ ಮೇಲೆ ಗುರುತು ಹಾಕಿಕೊಂಡು, ಸುತ್ತ ಒಂದು ಅಂಗುಲ ಜಾಸ್ತಿ ಬಿಟ್ಟು ಹೊಸದನ್ನು ಕತ್ತರಿಸಿ. ಮಡಿಕೆಗಳ ಒಳಗೆ ರಟ್ಟಿನ ಪಟ್ಟಿ ಇದ್ದರೆ ಅದನ್ನೂ ಅದೇ ಅಳತೆಗೆ ಮಾಡಿ. ರಟ್ಟು ಇಲ್ಲದೆ ತಿದಿ ಸರಿಯಾದ ಜಾಗದಲ್ಲಿ ಮಡಿಯುವುದಿಲ್ಲ.

ಬಟ್ಟೆ ಯಾವುದು? ರಬ್ಬರ್ ಲೇಪ ಇರುವ ತೆಳು ಹತ್ತಿ ಬಟ್ಟೆ ಬೇಕು. ಹಾರ್ಮೋನಿಯಂ ರಿಪೇರಿ ಅಂಗಡಿಯವರಲ್ಲಿ ವಿಚಾರಿಸಿ, ತಿದಿ ಬಟ್ಟೆ ಅಂದರೆ ಅವರಿಗೆ ಗೊತ್ತು. ನಮ್ಮದಕ್ಕೆ ಎರಡು ಮೀಟರ್ ಸಾಕಾಯಿತು. ತೆಗೆದುಕೊಳ್ಳುವಾಗ ಬಟ್ಟೆಗೆ ಬಾಯಿ ಇಟ್ಟು ಜೋರಾಗಿ ಹೀರಿ ನೋಡಿ. ಗಾಳಿ ಸ್ವಲ್ಪವೂ ಬರಬಾರದು. ಸೋಫಾಕ್ಕೆ ಹಾಕುವ ರೆಕ್ಸಿನ್ ಬೇಡವೇ ಬೇಡ. ಅದು ದಪ್ಪ, ಮಡಿಕೆಯಲ್ಲಿ ಬಿರಿಯುತ್ತದೆ, ತುಳಿಯಲು ಕಾಲು ನೋಯುತ್ತದೆ.

ಈಗ ಅಂಟಿನ ಮಾತು. ಇಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. "ಮೇಷ್ಟ್ರೇ, ಬಿಳಿ ಅಂಟು ಹಾಕಿಬಿಡೋಣ, ಹತ್ತು ನಿಮಿಷದ ಕೆಲಸ" ಅಂದರು ಆಚಾರ್ರು. ನಾನು ಒಪ್ಪಲಿಲ್ಲ. ಹಳಬರು ಬಳಸಿದ್ದು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡುವ ಮರವಜ್ರ. ಅದು ಒಣಗಿದರೆ ಕಲ್ಲು. ಬಿಸಿನೀರಿನ ಬಟ್ಟೆ ಒತ್ತಿದರೆ ಮತ್ತೆ ಬಿಡುತ್ತದೆ, ಮರಕ್ಕೆ ಏಟಿಲ್ಲ. ನಾವು ಹಳೆ ಬಟ್ಟೆ ಬಿಡಿಸಿದ್ದೂ ಹಾಗೇ. ಬಿಳಿ ಅಂಟು ಹಾಕಿದರೆ ಮುಂದಿನ ಸಲ ಬಿಚ್ಚುವವರು ಮರದ ಸಿಪ್ಪೆಯನ್ನೂ ಕೀಳಬೇಕಾಗುತ್ತದೆ. ಇನ್ನು ನಲವತ್ತು ವರ್ಷಕ್ಕೆ ಈ ತಿದಿಯನ್ನು ಯಾರಾದರೂ ಬಿಚ್ಚಲೇಬೇಕು. ಅವರಿಗೆ ಬಿಚ್ಚಲು ಬರುವ ಹಾಗೆ ಕಟ್ಟಬೇಕು. ಆಚಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ವಜ್ರದಲ್ಲೇ ಮಾಡ್ತಿದ್ರು, ವಾಸನೆಗೆ ನಾನು ಬಿಟ್ಟಿದ್ದೆ" ಅಂದರು. ಮಾರನೇ ದಿನ ಅವರೇ ತಂದೆಯ ಕಾಲದ ಪಾತ್ರೆ ತಂದರು.

ಮರವಜ್ರ ಮಾಡುವುದು ಹೀಗೆ. ಹರಳುಗಳನ್ನು ಮುಳುಗುವಷ್ಟು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಆ ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯೊಳಗೆ ಇಟ್ಟು ಕರಗಿಸಿ. ನೇರ ಒಲೆಯ ಮೇಲೆ ಬೇಡ. ಬಿಸಿ 60 ಡಿಗ್ರಿ ಸುತ್ತಮುತ್ತ ಇರಲಿ, ಕುದಿಸಿದರೆ ಶಕ್ತಿ ಹೋಗುತ್ತದೆ. ಬ್ರಶ್ಶಿನಿಂದ ಎಳೆದರೆ ತೆಳು ಜೇನಿನ ಹಾಗೆ ಜಾರಬೇಕು. ನಮ್ಮ ಕಡೆ ಸಂಜೆಯ ಚಳಿಗೆ ಅದು ಹಚ್ಚಿದ ಕೂಡಲೇ ಗಟ್ಟಿಯಾಗಿಬಿಡುತ್ತದೆ. ಅದಕ್ಕೆ ಮಧ್ಯಾಹ್ನ ಕೆಲಸ ಮಾಡಿ, ಹಲಗೆಯನ್ನು ಮೊದಲು ಬಿಸಿಲಿಗೆ ಇಡಿ. ಒಂದು ಗೇಣು ಹಚ್ಚಿ, ಬಟ್ಟೆ ಕೂರಿಸಿ, ಬಿಸಿ ಬಟ್ಟೆಯಲ್ಲಿ ಉಜ್ಜಿ, ಮುಂದಿನ ಗೇಣಿಗೆ ಹೋಗಿ. ದೊಡ್ಡ ತಿದಿಗೆ ಅಂಟಿಸುವಾಗ ಅದು ಪೂರ್ತಿ ತೆರೆದಿರಬೇಕು. ಮುಗಿದ ಮೇಲೆ ಒಂದು ಹಗಲು, ಒಂದು ರಾತ್ರಿ ಮುಟ್ಟಬೇಡಿ.

ಹೊಸ ಬಟ್ಟೆ ಹಾಕುವ ಮೊದಲೇ ಒಳಗಿನ ಚರ್ಮದ ನಾಲಗೆಗಳನ್ನು ಬದಲಿಸಬೇಕು. ಗಾಳಿ ಒಂದೇ ಕಡೆ ಹೋಗುವ ಹಾಗೆ ತೂತುಗಳ ಮೇಲೆ ಮುಚ್ಚಿರುವ ಪಟ್ಟಿಗಳವು. ಮೆತ್ತನೆ ಕುರಿ ಚರ್ಮ ಒಳ್ಳೆಯದು. ತೂತಿನ ಮೇಲೆ ಚಪ್ಪಟೆಯಾಗಿ ಕೂರಬೇಕು, ಆದರೆ ಗಾಳಿ ಬಂದರೆ ಏಳಬೇಕು. ಕೈ ಹಾರ್ಮೋನಿಯಂ ರಿಪೇರಿ ಮಾಡುವವರ ಸಹಾಯ ಪಡೆದರೆ ಇಲ್ಲಿ ಕಣ್ಣಿಡಿ. ಅವರ ಕೈ ತಳ್ಳುವ ಗಾಳಿಗೆ ಒಗ್ಗಿದ್ದು. ಅಭ್ಯಾಸಬಲದಿಂದ ನಾಲಗೆಯನ್ನು ಹಲಗೆಯ ಆಚೆ ಬದಿಗೆ ಹಾಕಿಬಿಡುತ್ತಾರೆ. ಹಳೆಯದು ಯಾವ ಬದಿ ಇತ್ತೋ ಅದೇ ಬದಿ.

ಪೆಡಲಿನ ಪಟ್ಟಿ ಹರಿದಿದ್ದರೆ ಮಂಚಕ್ಕೆ ಹೆಣೆಯುವ ಹತ್ತಿ ನವಾರು ತಂದು ಹಾಕಿ. ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನೈಲಾನ್ ಪಟ್ಟಿ ಜಾರುತ್ತದೆ.

ಪರೀಕ್ಷೆ ಸುಲಭ. ಎಲ್ಲ ಜೋಡಿಸಿ, ಯಾವ ಮನೆಯನ್ನೂ ಒತ್ತದೆ ತುಳಿಯಿರಿ. ತಿದಿ ಪೂರ್ತಿ ಮುಚ್ಚಿದ ಮೇಲೆ ಕಾಲು ತೆಗೆದು ಎಣಿಸಿ. ಮತ್ತೆ ಪೂರ್ತಿ ತೆರೆಯಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ನನಗೆ ಖುಷಿ. ಹತ್ತು ಎಣಿಸುವುದರೊಳಗೆ ತೆರೆದರೆ ಎಲ್ಲೋ ಸೋರುತ್ತಿದೆ. ಊದುಬತ್ತಿ ಹಚ್ಚಿ, ಮನೆಗಳಿಂದ ದೂರ, ತಿದಿಯ ಅಂಚಿನುದ್ದಕ್ಕೂ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡ ಕಡೆ ತೂತಿದೆ.

ರೀಡುಗಳು

ರೀಡು ಎಳೆಯಲು ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಚಪ್ಪಟೆ ಸಲಾಕೆ ಬೇಕು. ತೆಳು ಸ್ಕ್ರೂಡ್ರೈವರಿನ ತುದಿಯನ್ನು ಅರದಿಂದ ಉಜ್ಜಿ ಆಚಾರ್ರು ಒಂದನ್ನು ಮಾಡಿಕೊಟ್ಟರು. ರೀಡಿನ ಹಿಂಬದಿಯ ಕಚ್ಚಿಗೆ ಕೊಕ್ಕೆ ಸಿಕ್ಕಿಸಿ ನೇರ ಎಳೆಯಿರಿ. ಪ್ರತಿಯೊಂದರ ಮೇಲೂ ಸ್ವರದ ಅಕ್ಷರ ಒತ್ತಿರುತ್ತದೆ. ಆದರೂ ಸಾಲು ಕೆಡಿಸಬೇಡಿ.

ನಮ್ಮಲ್ಲಿ ನಾಲ್ಕು ಗೂಡುಗಳನ್ನು ಕಣಜ ಮಣ್ಣಿನಿಂದ ಮೆತ್ತಿತ್ತು. ಒಂದನ್ನು ನಿಧಾನ ಬಿಡಿಸಿದರೆ ಒಳಗೆ ಒಣಗಿದ ಜೇಡದ ಸಿಪ್ಪೆಗಳು, ಅದರ ಹಿಂದೆ ಹಿತ್ತಾಳೆ ನಾಲಗೆ ಹೊಚ್ಚ ಹೊಸದರ ಹಾಗೆ ಮಿಂಚುತ್ತಿತ್ತು. ಮಣ್ಣು ಅದನ್ನು ಕಾಪಾಡಿತ್ತು.

ರೀಡು ಮೂಕವಾಗಿದ್ದರೆ ಹೆಚ್ಚಿನ ಸಲ ಕಾರಣ ಒಂದು ಚೂರು ಕಸ. ಮೆತ್ತನೆ ಟೂತ್‌ಬ್ರಶ್‌ನಲ್ಲಿ ನಾಲಗೆಯ ಉದ್ದಕ್ಕೇ, ಬುಡದಿಂದ ತುದಿಗೆ ಉಜ್ಜಿ. ಅಡ್ಡ ಉಜ್ಜಬೇಡಿ. ಬೆಳಕಿಗೆ ಹಿಡಿದು ನೋಡಿ, ನಾಲಗೆಯ ಸುತ್ತ ಒಂದೇ ಸಮನಾದ ಗೆರೆ ಬೆಳಕು ಕಾಣಬೇಕು. ಹಿತ್ತಾಳೆ ಪಾಲಿಶ್ ಹಾಕಿ ಹೊಳಪು ಕೊಡುವ ಆಸೆ ಬರುತ್ತದೆ. ಬೇಡ. ಪಾಲಿಶ್ ಲೋಹವನ್ನೇ ಸವೆಸುತ್ತದೆ, ಶ್ರುತಿ ಕದಲುತ್ತದೆ, ಸಂದಿಯಲ್ಲಿ ಬಿಳಿ ಪುಡಿ ಕೂರುತ್ತದೆ.

ಶ್ರುತಿಯ ವಿಷಯ. ಮೊಬೈಲಿನ ಟ್ಯೂನರ್ ಆ್ಯಪ್ ತೆರೆದು ಮೊದಲು ಎಲ್ಲ ಸ್ವರಗಳನ್ನು ಬರೆದುಕೊಳ್ಳಿ. 'ಎ' ಸ್ವರ ಸೆಕೆಂಡಿಗೆ 440 ಸಲ ಅದುರಬೇಕು ಅಂತ ಲಂಡನ್ ಸಭೆಯಲ್ಲಿ ಒಪ್ಪಿದ್ದು 1939ರಲ್ಲಿ. ಅದಕ್ಕಿಂತ ಹಳೆಯ ಆರ್ಗನ್ ಸ್ವಲ್ಪ ಮೇಲೆ ಅಥವಾ ಕೆಳಗೆ ಇದ್ದರೆ ಅದು ತಪ್ಪಲ್ಲ. ಎಲ್ಲವೂ ಒಂದೇ ಅಂತರದಲ್ಲಿದ್ದರೆ ಹಾಗೇ ಬಿಡಿ. ಸಭೆಯ ಹಾಡಿಗೆ ಅದು ಸಾಕು. ಕೀಬೋರ್ಡ್, ಗಿಟಾರ್ ಜೊತೆ ಸೇರಿಸಲೇಬೇಕು ಅನ್ನುವವರಿಗಾಗಿ 122 ರೀಡು ಕೆರೆಯುವುದನ್ನು ನಾನು ಒಪ್ಪುವುದಿಲ್ಲ. ಕೆರೆದ ಲೋಹ ವಾಪಸ್ ಬರುವುದಿಲ್ಲ.

ಒಂದೆರಡು ಸ್ವರ ಮಾತ್ರ ತಪ್ಪಿದ್ದರೆ, ಶುಚಿ ಮಾಡಿದ ಮೇಲೂ ಸರಿಯಾಗದಿದ್ದರೆ, ಆಗ ಮುಟ್ಟಿ. ನಾಲಗೆಯ ತುದಿಯನ್ನು ಕೂದಲೆಳೆ ಕೆರೆದರೆ ಸ್ವರ ಏರುತ್ತದೆ. ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ನಾಲಗೆಯ ಕೆಳಗೆ ತೆಳು ತಗಡು ಕೊಟ್ಟು ಕೆರೆಯಿರಿ. ಒಂದು ಗೀರು ಎಳೆದು, ವಾಪಸ್ ಹಾಕಿ, ನುಡಿಸಿ ನೋಡಿ. ಸಿಲೆಸ್ಟ್ ಅಂತ ಬರೆದ ಗುಬಟಿನ ಸಾಲು ಬೇಕೆಂದೇ ಸ್ವಲ್ಪ ಅಪಶ್ರುತಿಯಲ್ಲಿರುತ್ತದೆ. ಇನ್ನೊಂದು ಸಾಲಿನ ಜೊತೆ ಸೇರಿದಾಗ ಅಲೆ ಅಲೆಯಾಗಿ ಕೇಳಲಿ ಅಂತ. ಅದನ್ನು 'ಸರಿ' ಮಾಡಲು ಹೋಗಬೇಡಿ.

ಮನೆಗಳು, ಗುಬಟುಗಳು

ಗಾಳಿ ಮುಚ್ಚಳಗಳ ಉಣ್ಣೆ ಬಟ್ಟೆಯನ್ನು ಹುಳ ತಿಂದಿದ್ದರೆ ಉಣ್ಣೆ ಮತ್ತು ಚರ್ಮ ಎರಡನ್ನೂ ಹೊಸದು ಹಾಕಿ. ಒತ್ತಿದ ಮನೆ ಅಂಟಿಕೊಂಡರೆ ಎಣ್ಣೆ ಬಿಡಬೇಡಿ. ನಾವು ತಂದ ಆರ್ಗನ್ನಿಗೆ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಅದು ಧೂಳಿನ ಜೊತೆ ಸೇರಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಮನೆಯನ್ನು ಅದರ ಜಾಗದಲ್ಲಿ ಹಿಡಿದಿಡುವ ತಂತಿ ಗೂಟಕ್ಕೆ ಪೆನ್ಸಿಲ್ ಸೀಸದ ಪುಡಿ ಉಜ್ಜಿದರೆ ಸಾಕು.

ಒಂದು ಸ್ವರ ಕೈ ತೆಗೆದರೂ ಕೂಗುತ್ತಲೇ ಇದ್ದರೆ ಮುಚ್ಚಳದ ಕೆಳಗೆ ಕಸ ಇದೆ, ಇಲ್ಲವೇ ಕಡ್ಡಿ ಉಬ್ಬಿದೆ. ಮಳೆಗಾಲದಲ್ಲಿ ಹೀಗಾದರೆ ಕಡ್ಡಿಯನ್ನು ಉಜ್ಜಿ ತೆಳು ಮಾಡಬೇಡಿ. ಮಾರ್ಚ್ ಬಂದಾಗ ಅದು ಲೊಡಲೊಡ ಅನ್ನುತ್ತದೆ. ಯಾವ ಸ್ವರ ಅಂತ ಬರೆದಿಟ್ಟುಕೊಂಡು ಬೇಸಿಗೆಯಲ್ಲಿ ನೋಡಿ, ಅರ್ಧಕ್ಕರ್ಧ ತಾವೇ ಸರಿಹೋಗಿರುತ್ತವೆ.

ಮೊಣಕಾಲಿನಿಂದ ತಳ್ಳುವ ಎರಡು ಹಿಡಿಗಳು, ಗುಬಟಿನ ಹಿಂದಿನ ಕಡ್ಡಿಗಳು ಬಿಚ್ಚಿ ಒರೆಸಿದರೆ ಸಾಮಾನ್ಯವಾಗಿ ನಡೆಯುತ್ತವೆ. ವಾಕ್ಸ್ ಹ್ಯುಮಾನ ಅನ್ನುವ ಗುಬಟು ಇದ್ದರೆ ಹಿಂದೆ ರಟ್ಟಿನ ಒಂದು ಚಿಕ್ಕ ಬೀಸಣಿಗೆ ತಿರುಗುತ್ತದೆ. ಸ್ವರ ನಡುಗುವುದು ಅದರಿಂದ. ರಟ್ಟು ಹರಿದಿದ್ದರೆ ಅದೇ ತೂಕದ್ದು ಹಾಕಿ.

ಎಲ್ಲಿ ಇಡುವುದು

ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚನ್ನು ನೋಡಿದವರಿಗೆ ನೀರಿನ ಕೈ ಎಷ್ಟು ಬಲ ಅಂತ ಹೇಳಬೇಕಾಗಿಲ್ಲ. ಆರ್ಗನ್ನಿಗೆ ಅಷ್ಟು ನೀರು ಬೇಡ, ಗೋಡೆಯ ತೇವವೇ ಸಾಕು. ಪಶ್ಚಿಮದ ಗೋಡೆಗೆ ಮಳೆ ಬಡಿಯುತ್ತದೆ, ಆ ಗೋಡೆ ಬೇಡ. ಹೆಂಚಿನ ಮಾಡಾದರೆ ಒಂದು ಮಳೆಗಾಲ ಎಲ್ಲಿ ತೊಟ್ಟಿಕ್ಕುತ್ತದೆ ಅಂತ ನೋಡಿಟ್ಟುಕೊಳ್ಳಿ. ಕೆಳಗೆ ಎರಡು ಅಂಗುಲ ದಪ್ಪದ ಮರದ ತುಂಡುಗಳ ಮೇಲೆ ನಿಲ್ಲಿಸಿ, ಗೋಡೆಯಿಂದ ಒಂದು ಮೊಳ ಈಚೆಗೆ. ಹಿಂದೆ ಜಾಗ ಇದ್ದರೆ ಸ್ವರವೂ ಹರಡುತ್ತದೆ, ರಿಪೇರಿಗೂ ಕೈ ಹೋಗುತ್ತದೆ. ಪೆಡಲಿನ ಕಿಂಡಿಯಲ್ಲೇ ಇಲಿ ನುಗ್ಗುವುದು. ಅಲ್ಲಿ ತಗಡಿನ ಪಟ್ಟಿ ಹೊಡೆಯಿರಿ. ಮೇಣದಬತ್ತಿಯ ಕಂಬ ದೂರ ಇರಲಿ, ಸೆಲ್ಯುಲಾಯ್ಡ್ ವಿಷಯ ಹೇಳಿದೆನಲ್ಲ.

ಮುಖ್ಯವಾಗಿ, ನುಡಿಸುತ್ತಿರಬೇಕು. ವಾರಕ್ಕೊಮ್ಮೆ ಕಾಲು ಗಂಟೆ ತುಳಿದರೂ ಚರ್ಮ ಮೆತ್ತಗಿರುತ್ತದೆ, ಗೂಡಿನೊಳಗೆ ಗಾಳಿ ಆಡುತ್ತದೆ. ನಮ್ಮಲ್ಲಿ ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಬ್ಬರಿಗೆ ಆ ಕೆಲಸ ಕೊಟ್ಟಿದ್ದೇವೆ. ಒಬ್ಬಳಿಗೆ ಪೆಡಲ್ ಸರಿಯಾಗಿ ಸಿಗುವುದಿಲ್ಲ, ಬೆಂಚಿನ ತುದಿಗೆ ಜಾರಿ ಕೂತು ತುಳಿಯುತ್ತಾಳೆ.

ಹಿಂದಿನ ಹಲಗೆ ಮುಚ್ಚುವ ಮೊದಲು ಒಳಗೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ತಾರೀಖು, ಯಾವ ಬಟ್ಟೆ, ಯಾವ ಅಂಟು, ಯಾವ ರೀಡು ಮುಟ್ಟಿದಿರಿ, 'ಎ' ಸ್ವರ ಎಷ್ಟಿದೆ. ನಾವು ಆ ರೈಟರ ಬರಹದ ಕೆಳಗೇ ಬರೆದೆವು. ಆಮೇಲೆ ಹಲಗೆಯನ್ನು ಸ್ಕ್ರೂನಲ್ಲೇ ಮುಚ್ಚಿ, ಮೊಳೆ ಹೊಡೆಯಬೇಡಿ. ಒಂದು ತಿಂಗಳು ಬಿಟ್ಟು ಎಲ್ಲ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿ ಮಾಡಿ.